ವಖಾರಿಯ ಎಂಟು ಮಷಿನ್ನು

ಹೋದ ಚಳಿಗಾಲದಲ್ಲಿ ಕೊಲ್ಹಾಪುರಕ್ಕೆ ಹೊರಟಿದ್ದ ನಮ್ಮ ಬಸ್ಸು ನಿಪ್ಪಾಣಿಯಲ್ಲಿ ಕೆಟ್ಟು ನಿಂತಿತು. ಬೇರೆ ಬಸ್ಸು ಬರಲು ಒಂದು ತಾಸು ಬೇಕೆಂದರು. ಸುಮ್ಮನೆ ಕೂಡುವುದೇಕೆ ಎಂದು ಹಳೆಯ ಪೇಟೆಯ ಕಡೆ ನಡೆದೆ. ಒಂದು ಓಣಿ ತಿರುಗಿದ್ದೇ ತಡ, ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಸಾಲಾಗಿ ಮೂರು ಸೀನು ಬಂದವು. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನಕ್ಕು, "ಪಾವಣೇರು ನಮ್ಮೂರಿಗೆ ಹೊಸಬರ ಕಾಣಸ್ತೀರಿ" ಅಂದಳು.

ಹೊಸಬನಲ್ಲ ನಾನು. ಅಂಥದೇ ಒಂದು ಓಣಿಯ, ತಂಬಾಕು ತುಂಬಿಡುವ ವಖಾರಿಯಲ್ಲಿ ತೊಂಬತ್ತರ ದಶಕದ ಕೊನೆಗೆ ಒಂದು ಇಡೀ ವರ್ಷ ಕಳೆದಿದ್ದೇನೆ. ಆ ವರ್ಷ ನಾನು ಮಾಡಿದ ಕೆಲಸ ಗೊತ್ತಿದ್ದವರು ಕೆಲವೇ ಮಂದಿ. ಮುದುಕಿಗೆ "ಹೌದ್ರಿ, ಹೊಸಬನ" ಎಂದು ಹೇಳಿ ಮುಂದೆ ನಡೆದೆ.

ಆಗ ನನಗೆ ಇಪ್ಪತ್ತೊಂಬತ್ತು ವಯಸ್ಸು. ಅಥಣಿ ತಾಲೂಕಿನ ಸತ್ತಿ ನನ್ನೂರು. ಹೊಳೆಯ ದಂಡೆಗೆ ನಮ್ಮ ಕಬ್ಬು, ಮೇಲಿನ ಮಡ್ಡಿಗೆ ದ್ರಾಕ್ಷಿ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ದ್ರಾಕ್ಷಿ ಎಲೆಯ ಬೆನ್ನಿಗೆ ಬಿಳಿ ಬೂಷ್ಟು ಕೂಡುವ ರೋಗ ಯಾವ ಹವೆಗೆ ಎಷ್ಟು ಬೇಗ ಹರಡುತ್ತದೆ ಎಂದು ಮೊದಲೇ ಹೇಳಬಹುದೇ ಎಂಬ ಸಂಶೋಧನೆಗೆ ಕೂತಿದ್ದೆ. ನಮ್ಮ ವಿಶ್ವವಿದ್ಯಾಲಯ ಆ ಜೂನ್‌ನಲ್ಲಿ ನಿಪ್ಪಾಣಿಯಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರ ತೆರೆಯಿತು. ಸುತ್ತಲಿನ ತಾಲೂಕುಗಳ ಆರೇಳು ಮಂದಿ ಸಂಶೋಧಕರು ದೊಡ್ಡ ಲೆಕ್ಕಗಳಿಗಾಗಿ ದೂರ ಅಲೆಯಬಾರದು ಎಂಬುದು ಅದರ ಉದ್ದೇಶ. ಜಾಗ ಸಿಕ್ಕಿದ್ದು ಮಾತ್ರ ಒಂದು ಹಳೆಯ ತಂಬಾಕಿನ ವಖಾರಿಯಲ್ಲಿ. ಎರಡು ಸಲ ಸುಣ್ಣ ಹೊಡೆಸಿದರೂ ಗೋಡೆಯ ಘಾಟು ಹೋಗಲಿಲ್ಲ.

ಒಳಗೆ ಎಂಟು ಕಂಪ್ಯೂಟರ್. ಎಂಟನ್ನೂ ತಂತಿಯಿಂದ ಜೋಡಿಸಿ, ಒಂದೇ ಲೆಕ್ಕವನ್ನು ಎಂಟಕ್ಕೂ ಹಂಚಿ ಮಾಡಿಸುವ ಏರ್ಪಾಟು. ಕ್ಲಸ್ಟರ್ ಅನ್ನುತ್ತಿದ್ದೆವು. ಕೇಂದ್ರದ ಮುಖ್ಯಸ್ಥರು ದೇಶಪಾಂಡೆ ಸರ್, ಭೌತಶಾಸ್ತ್ರದ ಪ್ರೊಫೆಸರು. ಇದೇನು ಎಂದು ಕೇಳಿದ ವಖಾರಿ ಮಾಲಕರಿಗೆ ಅವರು ಹೇಳಿದರು: "ಎರಿ ಹೊಲಾ ಹೊಡಿಯಾಕ ಕಬ್ಬಿಣ ರೆಂಟಿಗೆ ಎಂಟೆತ್ತು ಹೂಡ್ತಾರಲ್ರಿ, ಹಂಗ."

ಮಾಲಕರು ತಲೆಯಾಡಿಸಿ, "ಎತ್ತು ಎಂಟಿದ್ರೂ ಹೊಡಿಯಾಂವ ಒಬ್ಬನ ಇರಬೇಕ್ರಿ. ಯಾರವ?" ಅಂದರು.

ಸರ್ ನನ್ನ ಕಡೆ ಕೈ ತೋರಿಸಿದರು. ನನ್ನ ಎದೆ ಒಂದು ಗೇಣು ಉಬ್ಬಿತು.

ಮೊದಲು ಬಂದವನು ನಾನು. ತಂತಿ ಎಳೆದವನು ನಾನು. ಎಲ್ಲ ಮಷಿನ್ನುಗಳ ಮೇಲೆ ಅಧಿಕಾರವಿದ್ದ ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬನ ಹತ್ತಿರ. ಯಾರ ಲೆಕ್ಕ ಯಾವತ್ತು, ಎಷ್ಟು ತಾಸು ಎಂದು ಪಾಳಿ ಬರೆಯುವ ದಫ್ತರವೂ ನನ್ನದೇ. ಅಥಣಿಯಿಂದ, ರಾಯಬಾಗದಿಂದ ಬಂದ ನನಗಿಂತ ಹಿರಿಯ ಪ್ರಾಧ್ಯಾಪಕರೂ ನನ್ನ ಟೇಬಲ್ಲಿನ ಮುಂದೆ ನಿಂತು, "ಮಹಾದೇವ, ಈ ವಾರ ನಮ್ಮದು ಆಗತೈತೇನಪಾ?" ಎಂದು ಕೇಳುತ್ತಿದ್ದರು. ನಾನು ದಫ್ತರ ತೆಗೆದು, ಗೊತ್ತಿದ್ದರೂ ಎರಡು ಪುಟ ಹಿಂದೆ ಮುಂದೆ ತಿರುವಿ, "ನೋಡೂಣ್ರಿ" ಅನ್ನುತ್ತಿದ್ದೆ.

ಸುಜಾತಾ ಬಂದದ್ದು ಜುಲೈನಲ್ಲಿ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು; ಸಂಶೋಧನೆಗಾಗಿ ಪಾಠದಿಂದ ಬಿಡುವು ಸಿಕ್ಕಿತ್ತು, ಪರೀಕ್ಷೆಗಳಿದ್ದರೆ ಮಾತ್ರ ಹೋಗಬೇಕಿತ್ತು. ನನಗಿಂತ ಮೂರು ವರ್ಷ ಚಿಕ್ಕವಳು. ದಿನಾ ಮುಂಜಾನೆ ಚಿಕ್ಕೋಡಿಯಿಂದ ಕೆಂಪು ಬಸ್ಸಿನಲ್ಲಿ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ತಂದೆ ರಸ್ತೆ ಇಲಾಖೆಯಲ್ಲಿ ಗ್ಯಾಂಗ್‌ಮನ್. ತಾಯಿ ಹಿಂದೆ ಇದೇ ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕು ಹಸನು ಮಾಡುತ್ತಿದ್ದವರು. ಅಂಬೇಡ್ಕರರ ದಾರಿ ಹಿಡಿದು ಬೌದ್ಧರಾದ ಮನೆತನ. ಮಹಾರಾಷ್ಟ್ರದ ಮೇಲಿನ ಮಳೆಗೆ ಕೃಷ್ಣೆ ತುಂಬಿದಾಗ ನಮ್ಮ ಕಡೆಯ ಯಾವ ಊರಿನ ಯಾವ ಓಣಿಯವರೆಗೆ ನೀರು ಬರುತ್ತದೆ ಎಂದು ಲೆಕ್ಕ ಹಾಕುವುದು ಅವಳ ಸಂಶೋಧನೆ.

ಮೊದಲ ಎರಡು ವಾರ ಅವಳಿಗೆ ಎಲ್ಲ ಕಲಿಸಿದವನು ನಾನೇ. ಆಕೆ ಒಂದು ಸಣ್ಣ ವಹಿಯಲ್ಲಿ ಬರೆದುಕೊಳ್ಳುತ್ತ, "ಇದು ಯಾಕ ಹಿಂಗ್ರಿ ಸರ?" ಎಂದು ಕೇಳುವಳು. ನನಗೆ ಉತ್ತರ ಗೊತ್ತಿರುವವರೆಗೆ ಆ ಪ್ರಶ್ನೆಗಳು ನನಗೆ ಹಿತವಾಗಿದ್ದವು.

ಮೂರನೆಯ ವಾರ ಒಂದು ಮಧ್ಯಾಹ್ನ ಕೇಳಿದಳು: "ಸರ, ನಾವು ಎಂಟಕ್ಕೂ ಸಮಾ ಪಾಲು ಕೊಡ್ತೀವಿ. ಆದ್ರ ಇದರಾಗ ಎರಡು ಹಳೇ ಮಷಿನ್ ಅದಾವ, ನಿಧಾನ. ಉಳದ ಆರೂ ಲಗೂನ ಮುಗಿಸಿ ಇವೆರಡರ ದಾರಿ ಕಾಯ್ಕೋತ ಖಾಲಿ ಕುಂದರ್ತಾವಲ್ರಿ?"

"ಅದು ಹಂಗ ಇರತೈತ್ರಿ" ಅಂದೆ.

ಆಕೆ ನಾಲ್ಕು ದಿನ ಕೂತು ಪ್ರೋಗ್ರಾಮು ತಿದ್ದಿದಳು. ಸಣ್ಣ ಸಣ್ಣ ತುಂಡು ಮಾಡಿ, ಯಾವ ಮಷಿನ್ ತನ್ನ ತುಂಡು ಮುಗಿಸುತ್ತದೋ ಅದೇ ಬಂದು ಮುಂದಿನ ತುಂಡು ಕೇಳುವ ಹಾಗೆ ಮಾಡಿದಳು. ಅಥಣಿಯ ಪ್ರಾಧ್ಯಾಪಕರ ಹತ್ತು ದಿನದ ಲೆಕ್ಕ ನಾಲ್ಕೇ ದಿನಕ್ಕೆ ಮುಗಿಯಿತು. ದೇಶಪಾಂಡೆ ಸರ್ ತಮ್ಮ ಕೋಣೆಯಿಂದ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತು ಪರದೆ ನೋಡಿದರು. "ಶಾಬಾಸ್" ಅಂದರು. ಒಂದೇ ಶಬ್ದ. ಮರುದಿನ ಮಧ್ಯಾಹ್ನ ಅವರು ಅವಳ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಊಟಕ್ಕೆ ಕೂತಿದ್ದರು. ನನ್ನ ಡಬ್ಬಿಗೆ ಅವರು ಒಂದು ದಿನವೂ ಕೈ ಹಾಕಿರಲಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೇವೆ. ನನಗೆ ಅದು ಕಿಚ್ಚಿನಂತೆ ಬರಲಿಲ್ಲ, ಹಲ್ಲುನೋವಿನಂತೆ ಬಂತು. ಬೇರೆ ಕೆಲಸದಲ್ಲಿದ್ದರೂ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಪಾಳಿಯ ದಫ್ತರದಲ್ಲಿ ಅವಳ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದೆ. ಅವಳು ನಕ್ಕರೆ ಯಾರ ಜೊತೆ, ಯಾಕೆ ಎಂದು ನೋಡುತ್ತಿದ್ದೆ. ಹೊರಗಿನಿಂದ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಮೇಡಂ ಅದಾರೇನ್ರಿ?" ಎಂದು ಕೇಳತೊಡಗಿದರು. ನನ್ನನ್ನೇ ಕೇಳುತ್ತಿದ್ದರು. ಒಮ್ಮೆ ಆಕೆ ಒಳಗೇ ಇದ್ದರೂ "ಇಲ್ಲ" ಎಂದು ಕಳಿಸಿಬಿಟ್ಟೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಅವಳ ಜಾಗದಲ್ಲಿ ನಮ್ಮಂಥದೇ ಹೊಲಮನೆಯ ಯಾರಾದರೂ ಇದ್ದಿದ್ದರೆ ನನಗೆ ಅಷ್ಟು ಉರಿಯುತ್ತಿತ್ತೇ? ನಮ್ಮ ಕಬ್ಬು ಕಡಿಯಲು ಬರುತ್ತಿದ್ದವರ ಪೈಕಿ ಈಕೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಎದ್ದಿದೆ. ಒಮ್ಮೆಯಲ್ಲ, ಹಲವು ಸಲ. ಬಾಯಿಂದ ಬಿದ್ದಿಲ್ಲ, ಅಷ್ಟೇ. ಓದಿದವನು ನಾನು ಎಂದು ಅದನ್ನು ಒಳಗೇ ಇಟ್ಟುಕೊಂಡಿದ್ದೆ.

ಆಗಸ್ಟ್‌ನಲ್ಲಿ ಸುದ್ದಿ ಬಂತು. ಗಣಪತಿ ಹಬ್ಬ ಮುಗಿದ ಮೇಲೆ ವಿಶ್ವವಿದ್ಯಾಲಯದಿಂದ ಮೂವರ ಸಮಿತಿ ಬರುತ್ತದೆ. ಎಲ್ಲರ ಕೆಲಸ ನೋಡಿ ಒಬ್ಬರನ್ನು ಕೇಂದ್ರದ ಸಂಶೋಧನಾಧಿಕಾರಿಯಾಗಿ ಆರಿಸುತ್ತದೆ. ಮೂರು ವರ್ಷದ ಹುದ್ದೆ. ಅದು ನನ್ನದೇ ಎಂದು ಜೂನ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆಗಸ್ಟ್‌ನಲ್ಲಿ ಯಾರೂ ಹಾಗೆ ಹೇಳಲಿಲ್ಲ.

ಸುಜಾತಾಳ ಪ್ರವಾಹದ ಲೆಕ್ಕಕ್ಕೆ ಎಂಟೂ ಮಷಿನ್ ಹದಿನಾಲ್ಕು ದಿನ ಬೇಕಿದ್ದವು. ದೇಶಪಾಂಡೆ ಸರ್ ಒಪ್ಪಿದರು. ಉಳಿದವರೆಲ್ಲ ತಮ್ಮ ಪಾಳಿ ಮುಂದೆ ಹಾಕಿಕೊಂಡರು, ನಾನೂ ಸಹ. ಹೊರಗೆ ಮಳೆ ಹಿಡಿದಿತ್ತು. ಒಳಗೆ ಎಂಟು ಪೆಟ್ಟಿಗೆಗಳು ಗುಯ್ ಎನ್ನುತ್ತಿದ್ದವು. ಕರೆಂಟಿನ ಭರವಸೆ ಇಲ್ಲದ ಊರು, ಹೀಗಾಗಿ ಆಕೆ ಆಗಾಗ ಅಲ್ಲಿಯವರೆಗಿನ ಲೆಕ್ಕ ಒಂದು ಫೈಲಿನಲ್ಲಿ ಉಳಿಯುವಂತೆ ಬರೆದಿದ್ದಳು. ಕರೆಂಟ್ ಹೋದರೂ ಅಲ್ಲಿಂದ ಮುಂದುವರಿಸಬಹುದು.

ಹನ್ನೊಂದನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಬ್ಯಾಟರಿ ಹದಿನೈದು ನಿಮಿಷ ಎಳೆದು ಸುಮ್ಮನಾಯಿತು. ಒಂದೊಂದೇ ಮಷಿನ್ ನಿಂತಿತು. ಆ ದಿನ ಸುಜಾತಾ ಬಂದಿರಲಿಲ್ಲ, ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಸರ್ ಬೆಳಗಾವಿಗೆ ಹೋಗಿದ್ದರು. ಒಂದು ತಾಸಿನ ಮೇಲೆ ಕರೆಂಟ್ ಬಂತು. ನಾನು ಮಷಿನ್ನುಗಳನ್ನು ಎಬ್ಬಿಸಿದೆ. ಅವಳ ಫೈಲು ನೋಡಿದೆ. ಸುರಕ್ಷಿತವಾಗಿತ್ತು. ಒಂದು ಆಜ್ಞೆ ಕೊಟ್ಟಿದ್ದರೆ ಲೆಕ್ಕ ಅಲ್ಲಿಂದಲೇ ಶುರುವಾಗುತ್ತಿತ್ತು.

ನಾನು ಇನ್ನೊಂದು ಆಜ್ಞೆ ಕೊಟ್ಟೆ. ಆ ಫೈಲನ್ನು ಅಳಿಸಿದೆ.

ಎರಡನೆಯ ಸಲ ಯೋಚಿಸಲೂ ಇಲ್ಲ. ಅದೇ ನನಗೆ ಇಂದಿಗೂ ಹೆದರಿಕೆ ಹುಟ್ಟಿಸುವ ಸಂಗತಿ. ಎದ್ದು ಹೊರಗೆ ಹೋಗಿ ಒಂದು ಚಹಾ ಕುಡಿದು ಬಂದೆ. ಚಹಾ ಚೆನ್ನಾಗಿತ್ತು.

ಮರುದಿನ ಬಾಗಿಲಲ್ಲೇ ಅವಳಿಗೆ ಹೇಳಿದೆ: "ನಿನ್ನೆ ಕರೆಂಟ್ ಹೋಗಿತ್ರಿ. ನಿಮ್ಮ ಫೈಲ್ ಹೋಗೈತಿ."

ಆಕೆ ಛತ್ರಿ ಮಡಿಚುತ್ತಿದ್ದವಳು ಹಾಗೇ ನಿಂತಳು. "ಹೋಗೈತಿ ಅಂದ್ರ? ಕೆಟ್ಟೈತೋ, ಇಲ್ಲವ ಇಲ್ಲೋ?"

"ಇಲ್ಲ."

ಒಳಗೆ ಹೋಗಿ ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ದಿನ ಎಣಿಸಿದಳು. ಸಮಿತಿ ಬರಲು ಒಂಬತ್ತು ದಿನ ಇದ್ದವು. ಅದರಲ್ಲಿ ಮೊದಲ ಮೂರು ದಿನ ಅವಳದೇ ಪಾಳಿಯಲ್ಲಿ ಉಳಿದದ್ದು, ಆಮೇಲಿನ ನಾಲ್ಕು ನನ್ನ ಪಾಳಿ, ಉಳಿದವು ಬೇರೆಯವರದು.

"ಸರ, ನಿಮ್ಮ ನಾಲ್ಕು ದಿನ ನನಗ ಕೊಡ್ತೀರೇನ್ರಿ? ಪೂರ್ತಿ ಅಲ್ಲದಿದ್ರೂ ಒರಟು ಲೆಕ್ಕಾ ಆದ್ರೂ ಮಾಡ್ತೀನಿ."

"ನಂದೂ ಮುಗಿಬೇಕಲ್ರಿ" ಅಂದೆ.

"ಹೌದ್ರಿ" ಅಂದಳು. 

ಉಳಿದ ತನ್ನ ಮೂರು ದಿನಕ್ಕೆ ಆದಷ್ಟು ಲೆಕ್ಕ ಹಚ್ಚಿಟ್ಟು, ಮರುದಿನದಿಂದ ಕೇಂದ್ರಕ್ಕೆ ಬರುವುದನ್ನು ಬಿಟ್ಟಳು. ಹೊಳೆಯ ದಂಡೆಯ ಊರೂರು ತಿರುಗುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಹಿರಿಯರನ್ನು ಕೂರಿಸಿಕೊಂಡು, ಹಿಂದಿನ ದೊಡ್ಡ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ, ಗೋಡೆಗೆ ಗುರುತು ಹಾಕಿ, ನೀರು ತುಂಬಿದ ಪೈಪು ಹಿಡಿದು ಎತ್ತರ ಅಳೆದುಕೊಂಡು ಬಂದಿದ್ದಳು. ಸತ್ತಿಗೂ ಹೋಗಿದ್ದಳು.

ಸಮಿತಿಯ ದಿನ ಅವಳ ಕೈಯಲ್ಲಿದ್ದದ್ದು ಆ ಅಳತೆಗಳು ಮತ್ತು ಅರ್ಧ ನಕ್ಷೆ. ನನ್ನ ಹತ್ತಿರ ಬಣ್ಣಬಣ್ಣದ ಗ್ರಾಫುಗಳಿದ್ದವು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಇಷ್ಟು ದೊಡ್ಡ ಲೆಕ್ಕ ನಾಲ್ಕೇ ದಿನದಾಗ ಹೆಂಗ ಮುಗಿಸಿದ್ರಿ?"

ಅದು ಅವಳ ತಿದ್ದುಪಡಿಯಿಂದ ಆಗಿತ್ತು. "ಕೆಲಸ ಹಂಚೂ ರೀತಿ ಬದಲು ಮಾಡಿದ್ವಿ ಸರ್" ಅಂದೆ. ಆ "ದ್ವಿ" ಎಂಬುದರೊಳಗೆ ಅವಳನ್ನು ತುರುಕಿ ಮುಚ್ಚಿಬಿಟ್ಟೆ. ಆಕೆ ಹಿಂದಿನ ಸಾಲಿನಲ್ಲಿ ಕೂತು ತನ್ನ ವಹಿ ನೋಡುತ್ತಿದ್ದಳು.

ಹುದ್ದೆ ನನಗೆ ಬಂತು. ದಸರೆಯ ಮರುವಾರ ಆದೇಶ ಕೈಗೆ ಸಿಕ್ಕಿತು. ಎಲ್ಲರೂ ಬೆನ್ನು ತಟ್ಟಿದರು. ಸುಜಾತಾ ಸಹ ಬಂದು, "ಅಭಿನಂದನ್ರಿ ಸರ" ಅಂದಳು. ಇನ್ನು ಹಲ್ಲುನೋವು ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಸೋತ ಮೇಲೂ ಆಕೆ ಮುಂಜಾನೆ ಅದೇ ಬಸ್ಸಿಗೆ ಬರುವಳು, ಅದೇ ಕುರ್ಚಿಯಲ್ಲಿ ಕೂತು, ತನಗೆ ಸಿಕ್ಕ ಎರಡು ಮೂರು ತಾಸಿನ ಪಾಳಿಯಲ್ಲಿ ತುಂಡು ತುಂಡಾಗಿ ಲೆಕ್ಕ ನಡೆಸುವಳು. ಗೆದ್ದವನು ನಾನು. ಆದರೂ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದವನೂ ನಾನೇ.

ದೀಪಾವಳಿಗೆ ಊರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕೂತು ಕರಜಿಕಾಯಿ ತುಂಬುತ್ತಿದ್ದಳು. ನನ್ನ ಹೊಸ ಹುದ್ದೆಯ ಮಾತು ಬಂತು. ನಡುವೆ ತಾನಾಗಿಯೇ ಹೇಳಿದಳು:

"ನಿಮ್ಮ ಆಫೀಸಿನ ಹುಡಿಗಿ ಒಬ್ಬಾಕಿ ಬಂದಿದ್ಲಪಾ ಮಳೆಗಾಲದಾಗ. ಸುಜಾತಾ ಅಂತ. ಕೆಳಗಿನ ಓಣ್ಯಾಗ ಮನಿ ಮನಿ ಅಡ್ಡಾಡಿ, ನೀರು ಎಲ್ಲಿತನಕ ಬಂದಿತ್ತು ಅಂತ ಕೇಳಿ ಬರಕೊಂಡ್ಲು. ನಮ್ಮ ಮನಿಗೂ ಬಂದಿದ್ಲು."

"ಏನಂದ್ಲು?"

"ನಿನ್ನ ಭಾಳ ಹೊಗಳಿದ್ಲು. ಮಹಾದೇವ ಸರನ ನನಗ ಮಷಿನ್ ಕಲಿಸಿದ್ದು, ಅವರು ಕಲಿಸದಿದ್ರ ನನಗ ಏನೂ ಬರ್ತಿರಲಿಲ್ಲ ಅಂದ್ಲು." ಅವ್ವನ ಕೈ ಒಂದು ಕ್ಷಣ ನಿಂತಿತು. "ಮಳಿ ಹೊಡಿಯಾಕತ್ತಿತ್ತು. ನಾ ಆಕೀನ ಹೊರಗ ಕಟ್ಟಿ ಮ್ಯಾಲ ಕುಂದರಿಸಿ ಚಾ ಕೊಟ್ಟೆ. ಒಳಗ ಕರೀಲಿಲ್ಲ. ಕರೀಬೇಕಿತ್ತೇನೋ, ಅಲ್ಲಾ?"

 ಫೈಲು ಅಳಿಸಿದ ಒಂದು ವಾರದೊಳಗೆ, ಮಳೆಯಲ್ಲಿ ನೆನೆಯುತ್ತ, ನಮ್ಮದೇ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು, ಆಕೆ ನನ್ನ ತಾಯಿಯ ಮುಂದೆ ನನ್ನನ್ನು ಹೊಗಳಿ ಹೋಗಿದ್ದಳು. ಅವ್ವ ಒಳಗೆ ಕರೆಯದ ತನ್ನ ತಪ್ಪನ್ನು ಎರಡು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ನನಗೆ ಹೇಳಿದಳು. ನನ್ನ ತಪ್ಪನ್ನು ನಾನು ಯಾರಿಗೂ ಹೇಳಿರಲಿಲ್ಲ.

ಪಾಡ್ಯದ ಮರುದಿನ ಮುಂಜಾನೆಯೇ ಚಿಕ್ಕೋಡಿಯ ಬಸ್ಸು ಹತ್ತಿದೆ. ಅವಳ ಮನೆ ಕೇಳಿಕೊಂಡು ಹೋದೆ. ಎರಡು ಕೋಣೆಯ ಹೆಂಚಿನ ಮನೆ. ಬಾಗಿಲಲ್ಲಿ ಅವಳ ತಾಯಿ ಇದ್ದರು. ಹೆಸರು ಹೇಳುತ್ತಲೇ, "ಅಯ್ಯ, ಸರ ನೀವ? ಒಳಗ ಬರ್ರಿ, ಒಳಗ ಬರ್ರಿ" ಎಂದು ಸೆರಗಿನಿಂದಲೇ ಕುರ್ಚಿ ಒರೆಸಿ ಕೂರಿಸಿದರು. ಹಬ್ಬದ ಚೂಡಾ, ಶೇವು ತಟ್ಟೆಯಲ್ಲಿ ತಂದಿಟ್ಟರು. ನಾನು ಅದನ್ನು ಮುಟ್ಟಲಾರದೆ ಕೂತೆ.

ಸುಜಾತಾ ಬಂದು ಎದುರಿಗೆ ಕೂತಳು. ಅವಳ ತಾಯಿ ಒಳಗೆ ಹೋಗುವುದನ್ನು ಕಾದೆ. ಅವರು ಹೋಗಲಿಲ್ಲ. ಹಾಗಾಗಿ ಅವರ ಮುಂದೆಯೇ ಹೇಳಿದೆ.

"ನಿಮ್ಮ ಫೈಲ್ ಕರೆಂಟ್ ಹೋಗಿ ಹೋದದ್ದಲ್ಲ. ನಾನ ಅಳಿಸಿದೆ."

"ಗೊತ್ತೈತ್ರಿ" ಅಂದಳು.

ನಾನು ತಲೆ ಎತ್ತಿ ನೋಡಿದೆ.

"ಕರೆಂಟ್ ಹೋದ್ರ ಫೈಲ್ ಕೆಡತೈತ್ರಿ ಸರ. ಮಾಯ ಆಗೂದಿಲ್ಲ. ಅದಕ್ಕ ಅವತ್ತ ನಿಮ್ಮನ್ನ ಕೇಳಿದ್ದು, ಕೆಟ್ಟೈತೋ ಇಲ್ಲವ ಇಲ್ಲೋ ಅಂತ."

"ಮತ್ತ ಯಾಕ ಯಾರಿಗೂ ಹೇಳಲಿಲ್ಲ?"

"ಏನಂತ ಹೇಳೂದ್ರಿ? ಪಾಸ್‌ವರ್ಡ್ ನಿಮ್ಮ ಕಡೆ. ಪಾಳಿ ಬರಿಯೂ ದಫ್ತರ ನಿಮ್ಮ ಕಡೆ. ನನ್ನ ಮಾತು ಒಂದು ಕಡೆ, ನಿಮ್ಮ ಮಾತು ಒಂದು ಕಡೆ. ಯಾರದು ತೂಗತಿತ್ತು ನೀವ ಹೇಳ್ರಿ."

"ನಮ್ಮ ಅವ್ವನ ಮುಂದ ನನ್ನ ಹೊಗಳಿದ್ರಂತ."

"ನೀವು ಕಲಿಸಿದ್ದು ಖರೆ ಐತಲ್ರಿ. ಅದನ್ನ ಸುಳ್ಳು ಅನ್ನಾಕ ಬರತೈತೇನು?" ಅಲ್ಲಿಯವರೆಗೆ ಸಮಾಧಾನದಿಂದ ಮಾತಾಡಿದವಳ ದನಿ ಈಗ ಒಡೆಯಿತು. "ಹನ್ನೊಂದು ದಿನ ಸರ. ನಾ ದಿನಾ ಬಸ್ಸಿನಾಗ ಬರಬೇಕಾದ್ರ ಎಷ್ಟಾತು ಎಷ್ಟಾತು ಅಂತ ಎಣಿಸ್ಕೋತ ಬರ್ತಿದ್ದೆ."

ಅವಳ ತಾಯಿ ಎದ್ದು ಬಂದು ನನ್ನ ಮುಂದಿದ್ದ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದರು. 

"ಕ್ಷಮಾ ಮಾಡ್ರಿ" ಅಂದೆ.

"ಅದು ಆಮ್ಯಾಲ ನೋಡೂಣ್ರಿ. ಮೊದಲ ನನಗ ಹನ್ನೊಂದು ದಿನ ವಾಪಸ್ ಕೊಡ್ರಿ. ಎಂಟೂ ಮಷಿನ್. ಆಮ್ಯಾಲ ದೇಶಪಾಂಡೆ ಸರ ಮುಂದ ನೀವ ಹೇಳ್ರಿ, ನಾ ಹೇಳೂದಿಲ್ಲ."

ಹನ್ನೊಂದು ದಿನಕ್ಕೆ ಮೂರು ಸೇರಿಸಿ ಹದಿನಾಲ್ಕೂ ದಿನ ಬರೆದುಕೊಟ್ಟೆ. ನನ್ನದೇ ಪಾಳಿಗಳನ್ನು ಹೊಡೆದು ಹಾಕಿದೆ. ಆ ಹದಿನಾಲ್ಕು ದಿನ ನಾನು ಮಾಡಿದ ಕೆಲಸವೆಂದರೆ ಬ್ಯಾಟರಿ ಕಾಯುವುದು, ಧೂಳು ಒರೆಸುವುದು. ಕೊನೆಯ ದಿನ ನಕ್ಷೆ ಪೂರ್ತಿಯಾಗಿ ಪರದೆಯ ಮೇಲೆ ಬಂತು. ನೀಲಿ ಬಣ್ಣ ನಮ್ಮ ಸತ್ತಿಯ ಕೆಳಗಿನ ಓಣಿಯನ್ನು ಮುಚ್ಚಿ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ನಿಂತಿತು. ಆಕೆ ಅದನ್ನು ಗೋಡೆಗಳ ಮೇಲೆ ತಾನು ಅಳೆದು ತಂದ ಗುರುತುಗಳ ಜೊತೆ ಒಂದೊಂದಾಗಿ ಹೊಂದಿಸಿ ನೋಡಿದಳು. ಬಹುತೇಕ ಎಲ್ಲವೂ ಕೂಡಿದವು. ಅಂದು ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು, "ದೇಶಪಾಂಡೆ ಸರಗ ನಾಳೆ ಹೇಳ್ತೀರೇನ್ರಿ?" ಅಂದಳು.

ಮರುದಿನ ಹೇಳಿದೆ. ದೇಶಪಾಂಡೆ ಸರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಬೈಯಲಿಲ್ಲ. ಒಂದು ಹಾಳೆ ನನ್ನ ಮುಂದೆ ಸರಿಸಿ, "ಬರದು ಕೊಡು" ಅಂದರು. ಬರೆದು ಕೊಟ್ಟೆ. ಓದಿ, ಸುಜಾತಾಳನ್ನು ಕರೆಸಿದರು.

"ಈ ಹುದ್ದೆ ಇವನ ಕಡೆ ಇರೂದಿಲ್ಲ, ಅದನ್ನ ನಾ ಸಮಿತಿಗೆ ಬರೀತೀನಿ. ಇವನ್ನ ಸೆಂಟರಿನಾಗ ಇಟ್ಕೋಬೇಕೋ ಬ್ಯಾಡೋ? ನೀವ ಹೇಳ್ರಿ."

ನಾನು ನೆಲ ನೋಡುತ್ತ ನಿಂತಿದ್ದೆ. ಆಕೆ ನಾನು ಬರೆದ ಹಾಳೆಯನ್ನು ಓದಿ ಮತ್ತೆ ಟೇಬಲ್ಲಿನ ಮೇಲಿಟ್ಟಳು.

"ಇರ್ಲಿ ಸರ. ಅವರ ದ್ರಾಕ್ಷಿ ಕೆಲಸ ಅರ್ಧಾ ಆಗೈತಿ, ಛಲೋ ಐತಿ. ಪಾಸ್‌ವರ್ಡ್ ಅಷ್ಟ ಅವರ ಕಡೆ ಇರೂದು ಬ್ಯಾಡ."

ಸಮಿತಿ ಹುದ್ದೆಯನ್ನು ಅವಳಿಗೆ ಕೊಟ್ಟಿತು. ನಾನು ಅವಳ ಎದುರೇ ಪಾಸ್‌ವರ್ಡ್ ಬದಲಿಸುವ ಜಾಗ ತೆರೆದುಕೊಟ್ಟು, ಆಕೆ ಹೊಸದನ್ನು ಟೈಪ್ ಮಾಡುವಾಗ ಮುಖ ತಿರುಗಿಸಿ ನಿಂತೆ. ನನ್ನ ಸಂಶೋಧನೆ ಮುಗಿಯುವವರೆಗೆ, ಏಳು ತಿಂಗಳು, ಎಲ್ಲರಂತೆ ಅವಳ ಟೇಬಲ್ಲಿನ ಮುಂದೆ ನಿಂತು ಪಾಳಿ ಕೇಳಿದೆ. ಮೊದಲ ದಿನ ಬೇಕೆಂದೇ ಸತಾಯಿಸುತ್ತಾಳೆ ಅಂದುಕೊಂಡಿದ್ದೆ. ಒಳಗೊಳಗೆ ಹಾಗೇ ಆಗಲಿ ಎಂದೂ ಬಯಸಿದ್ದೆ, ಲೆಕ್ಕ ಚುಕ್ತಾ ಆದೀತು ಎಂದು. ಆಕೆ ದಫ್ತರ ತೆಗೆದಳು. ಪುಟ ಹಿಂದೆ ಮುಂದೆ ತಿರುವಲಿಲ್ಲ. ನನಗಿಂತ ಮೊದಲು ಹೆಸರು ಕೊಟ್ಟಿದ್ದ ರಾಯಬಾಗದವರ ಕೆಳಗೆ ನನ್ನ ಹೆಸರು ಬರೆದು, "ಮಂಗಳವಾರ ಹನ್ನೊಂದಕ್ಕ ಶುರು, ಗುರುವಾರ ಐದಕ್ಕ ಮುಗೀತೈತ್ರಿ" ಅಂದಳು. ಮಂಗಳವಾರ ಸರಿಯಾಗಿ ಹನ್ನೊಂದಕ್ಕೆ ನನ್ನ ಲೆಕ್ಕ ಶುರುವಾಯಿತು. ಒಂದು ನಿಮಿಷ ತಡವಿಲ್ಲ, ಒಂದು ನಿಮಿಷ ಮೊದಲೂ ಇಲ್ಲ.

ಆ ಎಂಟು ಮಷಿನ್ನು, ಆ ಶಾಬಾಸ್ಸು, ಆ ಹುದ್ದೆ, ಇವಕ್ಕೆಲ್ಲ ನಾನು ಅವಳ ಮೇಲೆ ಪಟ್ಟ ಹೊಟ್ಟೆಕಿಚ್ಚು ಇಷ್ಟು ವರ್ಷಗಳಲ್ಲಿ ಕರಗಿ ಹೋಗಿದೆ. ಆ ಮಂಗಳವಾರ ಹನ್ನೊಂದು ಗಂಟೆಗೆ ಪಟ್ಟ ಹೊಟ್ಟೆಕಿಚ್ಚು ಮಾತ್ರ ಇನ್ನೂ ಇದೆ. ಅವಳ ಜಾಗದಲ್ಲಿದ್ದಿದ್ದರೆ, ನನ್ನಂಥವನ ಪಾಳಿಗೆ ಅಷ್ಟು ಸರಿಯಾಗಿ ಗಡಿಯಾರ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.